ಭಾನುವಾರದ ಬೆಡ್‌ಶೀಟು

ಜೂನ್ 4, ಬುಧವಾರ

ಸೊಳ್ಳೆಗೆ,

ಬಸ್ ಡಿಪೋದಲ್ಲಿ ಕೂತು ನಲವತ್ತು ಡ್ರೈವರುಗಳನ್ನು ಗದರಿಸುವ ಹೆಂಗಸನ್ನು ಇನ್ನೂ ಸೊಳ್ಳೆ ಅನ್ನಬಾರದು ಅಂತ ಗೊತ್ತು. ಆದರೆ ತೊಟ್ಟಿಲಲ್ಲಿ ಮಲಗಿ ದಿನವಿಡೀ ಗುಂಯ್ ಅಂತಿದ್ದ ನೀನು ನನ್ನ ಬಾಯಿಗೆ ಬೇರೆ ಹೆಸರಿನಲ್ಲಿ ಬರುವುದೇ ಇಲ್ಲ. ಸಹಿಸಿಕೋ.

ಬಂದು ಸೇರಿದೆ. ಕಾಲಿಗೆ ಪ್ಲಾಸ್ಟರ್ ಇರುವುದರಿಂದ ವ್ಯಾನಿನವರು ಇಬ್ಬರು ಸೇರಿ ನನ್ನನ್ನು ಮೂಟೆಯ ಹಾಗೆ ಇಳಿಸಿದರು. ಇಲ್ಲಿ ಫೋನಿದೆ, ಆದರೆ ಅದು ಮೇಟ್ರನ್ ಮೇಜಿನ ಮೇಲಿದೆ. ಅಲ್ಲದೆ ಮೂವತ್ತೆರಡು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ಯಂತ್ರಗಳ ಪಕ್ಕ ನಿಂತು ನನ್ನ ಕಿವಿ ಅರ್ಧ ಹೋಗಿದೆ, ನೀನು ಫೋನಿನಲ್ಲಿ ಕಿರುಚಿದರೂ ನನಗೆ ಕೇಳುವುದು ಗೊರಗೊರ ಮಾತ್ರ. ಕಾಗದವೇ ನಮಗೆ ಗತಿ.

ಒಪ್ಪಂದ ನೆನಪಿದೆ. ಮೂಳೆ ಕೂಡುವ ಐದು ವಾರ ನಾನು ಈ ಆರೈಕೆ ಮನೆಯಲ್ಲಿದ್ದು ಕಣ್ಣು ಬಿಟ್ಟು ನೋಡಬೇಕು. ನಾನು ಸೈ ಅಂದರೆ ನಿನ್ನ ಅಮ್ಮನನ್ನು ಇಲ್ಲಿಗೆ ತರುತ್ತೀಯ. ಬಲಗಡೆ ಪೂರಾ ಬಿದ್ದುಹೋಗಿ ಮಾತೂ ನಿಂತಿರುವ ನನ್ನ ತಂಗಿ, ಇಲ್ಲಿ ಏನಾದರೂ ಯಾರಿಗೂ ಹೇಳಲಾರಳು. ಅದಕ್ಕೇ ಮೊದಲು ನನ್ನಂಥ ಬಾಯಿಬಡುಕಿಯನ್ನು ಕಳಿಸಿದ್ದೀಯ. ಒಳ್ಳೆಯ ಕೆಲಸ ಮಾಡಿದೆ.

ಈಗ ಕೇಳು. ಬಾಗಿಲು ದಾಟಿದ ಕೂಡಲೇ ಮೂಗಿಗೆ ಹೂವಿನ ಸೆಂಟು ಬಡಿಯಿತು. ಸೆಂಟಿನ ಕೆಳಗೆ ಫಿನೈಲು, ಫಿನೈಲಿನ ಕೆಳಗೆ ಹಳೇ ಮೂತ್ರ. ಮೂರು ಪದರ! ಬಾಚಣಿಗೆ ಒಂದೇ, ಅದು ಕೋಣೆಯಿಂದ ಕೋಣೆಗೆ ಹೋಗುತ್ತದೆ. ಹಲ್ಲಿನ ಸೆಟ್ಟುಗಳನ್ನು ಬೆಳಗ್ಗೆ ಒಂದೇ ಬೇಸನ್ನಿನಲ್ಲಿ ಹಾಕಿ ತೊಳೆದರು, ಆಮೇಲೆ ಯಾರದು ಯಾವುದು ಅಂತ ಬಾಯಿಗೆ ಹಾಕಿ ನೋಡಿ ಪತ್ತೆ ಮಾಡಿದರು. ಥೂ! ನನ್ನ ಹಲ್ಲು ನನ್ನದೇ ಇರುವುದಕ್ಕೆ ಎಷ್ಟು ಖುಷಿಪಟ್ಟೆ ಅಂದರೆ, ಅಷ್ಟು ಖುಷಿ ನಿವೃತ್ತಿಯ ದಿನವೂ ಆಗಿರಲಿಲ್ಲ.

ನನ್ನ ಕೋಣೆಯಲ್ಲಿ ಇನ್ನೊಬ್ಬರಿದ್ದಾರೆ. ಲೆಕ್ಕ ಕಲಿಸುತ್ತಿದ್ದ ಟೀಚರಮ್ಮ. ಎದ್ದು ಕೂರಲಾರರು, ಹೊರಳಲಾರರು, ಮಾತು ಮಾತ್ರ ಚೊಕ್ಕ. ಊಟದ ಮೇಜು ಒರೆಸಿದ ಬಟ್ಟೆಯಲ್ಲೇ ಆಯಾ ಅವರ ಬಾಯಿ ಒರೆಸಿದಳು. ಟೀಚರಮ್ಮ ನನ್ನ ಕಡೆ ಮುಖ ಮಾತ್ರ ತಿರುಗಿಸಿ, "ಮೊದಲು ಮೇಜು, ಆಮೇಲೆ ನಾನು. ಕ್ರಮ ತಪ್ಪೋದಿಲ್ಲ" ಅಂದರು. 

ಒಂದೇ ಒಂದು ಸಮಾಧಾನವಿದೆ. ಇಲ್ಲಿನ ಮೇಟ್ರನ್ ನಮ್ಮ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿತವಳು. ನನ್ನನ್ನು ನೋಡಿದ್ದೇ "ಅಮ್ಮಾ, ನೀವಾ!" ಅಂತ ಓಡಿ ಬಂದು ಕೈ ಹಿಡಿದಳು. ಬೆಡ್‌ಶೀಟಿನ ಮೂಲೆ ಮಡಿಸುವುದನ್ನು ಅವಳಿಗೆ ನಾನೇ ಕಲಿಸಿದ್ದು. ಕೈ ಸರಿಯಿದ್ದವಳು. ಹೇಳಿದರೆ ತಿದ್ದಿಕೊಂಡಾಳು.

ನಿನ್ನ ಅಮ್ಮ ನನ್ನ ವಿಷಯ ಕೇಳಿದಳೇ? ಬಾಯಲ್ಲಿ ಅಲ್ಲ, ಕಣ್ಣಲ್ಲಿ.

ನಿನ್ನ ದೊಡ್ಡಮ್ಮ


ಜೂನ್ 9, ಸೋಮವಾರ

ದೊಡ್ಡಮ್ಮನಿಗೆ ನಮಸ್ಕಾರ.

ಕಾಗದ ಓದಿ ಊಟ ಬಿಟ್ಟೆ. ಇನ್ನು ಮುಂದೆ ಹಲ್ಲಿನ ಸೆಟ್ಟಿನ ವಿಷಯವನ್ನು ಕಾಗದದ ಕೊನೆಯಲ್ಲಿ ಬರೆಯಿರಿ.

ನಿಮ್ಮನ್ನು ನಾನು ಬಲ್ಲೆ, ಬೇಜಾರು ಮಾಡಿಕೊಳ್ಳಬೇಡಿ. ಹಿಂದೆ ನಮ್ಮ ಮನೆಗೆ ಬರುತ್ತಿದ್ದಾಗಲೂ ನೀವು ಚಪ್ಪಲಿ ಬಿಡುವ ಮೊದಲೇ ಪರದೆ ಮೂಸಿ ನೋಡುತ್ತಿದ್ದಿರಿ. ಅದಕ್ಕೇ ಆರೋಗ್ಯ ಕಚೇರಿಯವರು ಹಂಚುವ ಪ್ರಶ್ನೆಗಳ ಪಟ್ಟಿಯನ್ನು ಇದರ ಜೊತೆ ಕಳಿಸುತ್ತಿದ್ದೇನೆ. ಆರೈಕೆ ಮನೆ ಆರಿಸುವ ಮುಂಚೆ ನೋಡಬೇಕಾದ್ದೆಲ್ಲ ಅದರಲ್ಲಿದೆ. ಹೌದು ಅಥವಾ ಇಲ್ಲ ಅಂತ ಬರೆದರೆ ಸಾಕು. ಬೈಗುಳಕ್ಕೆ ಅಲ್ಲಿ ಜಾಗ ಬಿಟ್ಟಿಲ್ಲ.

ನನಗೆ ಬೇಗ ಉತ್ತರ ಬೇಕು. ಜುಲೈ ಹದಿನೈದಕ್ಕೆ ನನ್ನ ರಜೆ ಮುಗಿಯುತ್ತದೆ, ಇನ್ನು ಒಂದು ದಿನವೂ ಕೊಡುವುದಿಲ್ಲ ಅಂತ ಡಿಪೋದಿಂದ ಬರೆದಿದ್ದಾರೆ. ದಿನಕ್ಕೆ ಒಂಬತ್ತು ಸಲ ಅಮ್ಮನನ್ನು ಒಬ್ಬಳೇ ಎತ್ತುತ್ತೇನೆ. ಬೆನ್ನು ಎಷ್ಟು ಕೆಟ್ಟಿದೆ ಅಂದರೆ ಮುಖ ತೊಳೆಯಲು ಬಗ್ಗಿದವಳು ಮತ್ತೆ ನೇರವಾಗಲು ಗೋಡೆ ಹಿಡಿಯಬೇಕು. ಮೇಟ್ರನ್ ಜುಲೈ ಹತ್ತರವರೆಗೆ ಹಾಸಿಗೆ ಕಾದಿಡುತ್ತೇನೆ ಅಂದಿದ್ದಾರೆ. ನಮ್ಮ ಊರಿನಿಂದ ಒಂದು ದಿನದಲ್ಲಿ ಹೋಗಿ ಬರುವಷ್ಟು ಹತ್ತಿರ ಬೇರೆ ಯಾವ ಜಾಗವೂ ಇಲ್ಲ.

ಅಮ್ಮ ನಿಮ್ಮ ವಿಷಯ ಕೇಳಲಿಲ್ಲ. ನೀವು ಕಾಗದ ಬರೆದಿದ್ದೀರಿ ಅಂದೆ. ಗೋಡೆ ಕಡೆ ಮುಖ ತಿರುಗಿಸಿದಳು.

ನಿಮ್ಮ ಸೊಳ್ಳೆ


ಜೂನ್ 14, ಶನಿವಾರ

ಸೊಳ್ಳೆ,

ಹೌದು ಅಥವಾ ಇಲ್ಲ ಅಂತ ಬರೆಯಲು ಕೂತೆ. ಆಗಲಿಲ್ಲ ಕಣೇ. ಈ ಮನೆಯಲ್ಲಿ ಪ್ರತಿಯೊಂದಕ್ಕೂ ಉತ್ತರ ಹೌದು. ಆ ಹೌದಿನ ಹಿಂದೆ ಏನಿದೆ ನೋಡು.

ಕರೆಗಂಟೆ ಇದೆಯೇ? ಇದೆ. ಪ್ರತಿ ಹಾಸಿಗೆಗೂ ಇದೆ. ದಾರವನ್ನು ಗೋಡೆಯ ಮೊಳೆಗೆ ಸುತ್ತಿ ಮೇಲೆ ಕಟ್ಟಿದ್ದಾರೆ, ಮಲಗಿದವರ ಕೈಗೆ ಎಟುಕದ ಹಾಗೆ. ಬೆಂಕಿ ಬಿದ್ದರೆ ಹೊರಗೆ ಹೋಗುವ ಬಾಗಿಲು ಇದೆಯೇ? ಹಸಿರು ದೀಪದ ಸಮೇತ ಇದೆ. ಬಾಗಿಲಿಗೆ ಬೀಗ, ಬೀಗದ ಮುಂದೆ ಮುರಿದ ಗಾಲಿಕುರ್ಚಿಗಳ ಗುಡ್ಡೆ. ಬೀಗದ ಕೈ ಎಲ್ಲಿ ಅಂತ ಆಯಾಳನ್ನು ಕೇಳಿದೆ. "ಮೇಟ್ರನ್ ಬ್ಯಾಗಲ್ಲಿ ಇರ್ತದಮ್ಮ, ಅವರು ಮನೆಗೆ ತಗೊಂಡ್ಹೋಗ್ತಾರೆ" ಅಂದಳು. ಬೆಂಕಿ ಅವರ ಕೆಲಸದ ಹೊತ್ತು ನೋಡಿಕೊಂಡು ಬರಬೇಕು, ಪಾಪ.

ಔಷಧಿ ಹೊತ್ತಿಗೆ ಸರಿಯಾಗಿ ಕೊಡುತ್ತಾರೆಯೇ? ಕೊಡುತ್ತಾರೆ. ಎದುರು ಕೋಣೆಯವರ ಮಾತ್ರೆ ಎರಡು ಸಲ ನನ್ನ ತಟ್ಟೆಗೆ ಬಂತು. ನಾನು ಅಕ್ಷರ ಬಲ್ಲವಳಾದ್ದರಿಂದ ಬದುಕಿದ್ದೇನೆ.

ಸಾಕಷ್ಟು ಸಿಬ್ಬಂದಿ ಇದ್ದಾರೆಯೇ? ಗೋಡೆಯ ಮೇಲಿನ ಬೋರ್ಡಿನಲ್ಲಿ ಆರು ಜನರಿದ್ದಾರೆ. ನಾನು ಕಂಡಿದ್ದು ಒಬ್ಬಳನ್ನು. ಅದೇ ಆಯಾ, ಐವತ್ತರ ಹೆಂಗಸು. ಇಪ್ಪತ್ತೆರಡು ಜನರ ಮಧ್ಯೆ ದಿನವಿಡೀ ಓಡುತ್ತಾಳೆ, ಟೀಚರಮ್ಮ ಅವಳಿಗೆ ಓಟದಮ್ಮ ಅಂತ ಹೆಸರಿಟ್ಟಿದ್ದಾರೆ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಇಪ್ಪತ್ತೆರಡು ಬಾಯಿ ಒರೆಸುವವಳು ಇಪ್ಪತ್ತೆರಡು ಬಟ್ಟೆ ಎಲ್ಲಿಂದ ತಂದಾಳು?

ಈಗ ಹದಿನೇಳನೇ ಪ್ರಶ್ನೆಗೆ ಬಾ. ಹೊರಳಲಾಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಾರೆಯೇ? ಟೀಚರಮ್ಮನ ಮಂಚಕ್ಕೆ ಒಂದು ಹಾಳೆ ತೂಗುಹಾಕಿದ್ದಾರೆ. ಎಂಟಕ್ಕೆ ಎಡ, ಹತ್ತಕ್ಕೆ ಬಲ, ಹನ್ನೆರಡಕ್ಕೆ ಎಡ, ಒಂದೊಂದಕ್ಕೂ ಓಟದಮ್ಮನ ರುಜು. ನೋಡಲು ಬಹಳ ಚಂದ. ನಾನು ಅದನ್ನು ಓದಿದಾಗ ಬೆಳಗ್ಗೆ ಗಂಟೆ ಒಂಬತ್ತೂವರೆ, ಹಾಳೆಯಲ್ಲಿ ಸಂಜೆ ಆರರವರೆಗೆ ರುಜು ಬಿದ್ದಾಗಿತ್ತು! "ಹಾಗಾದ್ರೆ ನಾನು ಈಗಾಗ್ಲೇ ಸಂಜೆವರೆಗೆ ಹೊರಳಿಬಿಟ್ಟಿದ್ದೀನಿ, ಇನ್ನು ಆರಾಮಾಗಿ ಮಲಗ್ತೀನಿ" ಅಂದರು ಟೀಚರಮ್ಮ. ನಗುತ್ತಲೇ ಅಂದರು. ತುಟಿ ಮಾತ್ರ ಬಿಳಿಚಿತ್ತು.

ಕಾಗದ ಸುಳ್ಳು ಹೇಳಬಹುದು, ಬೆಡ್‌ಶೀಟು ಹೇಳುವುದಿಲ್ಲ. ನನಗೆ ಓದಲು ಬರುವುದು ಅದೊಂದೇ. ಮಗ್ಗುಲು ಬದಲಿಸಿದವರ ಶೀಟಿನಲ್ಲಿ ಸುಕ್ಕು ಎರಡೂ ಕಡೆ ಬೀಳುತ್ತದೆ, ಬದಲಿಸದವರದ್ದು ನಡುವೆ ಮಾತ್ರ ಸವೆದು ಹಳದಿಯಾಗುತ್ತದೆ. ಅದಕ್ಕೇ ಇವತ್ತು ಒಂದು ಕೆಲಸ ಮಾಡಿದೆ. ಲಾಂಡ್ರಿಯಲ್ಲಿ ಯಾವ ವಾರ್ಡಿನ ಬಟ್ಟೆ ಯಾವುದು ಅಂತ ಗುರುತಿಗೆ ಮೂಲೆಯಲ್ಲಿ ದಾರದ ಹೊಲಿಗೆ ಹಾಕುತ್ತಿದ್ದೆವಲ್ಲ, ಹಾಗೆ ಟೀಚರಮ್ಮನ ಶೀಟಿನ ಒಳಮೂಲೆಗೆ ಕೆಂಪು ದಾರದಲ್ಲಿ ಮೂರು ಹೊಲಿಗೆ ಹಾಕಿದೆ. ಅದು ಎಂದು ಒಗೆಯಲು ಹೋಗುತ್ತದೆ ನೋಡೋಣ.

ನಿನ್ನ ದೊಡ್ಡಮ್ಮ


ಜೂನ್ 23, ಸೋಮವಾರ

ದೊಡ್ಡಮ್ಮ,

ನಿನ್ನೆ ಬಂದು ಹೋದಾಗಿನಿಂದ ಮನಸ್ಸು ಸರಿಯಿಲ್ಲ. ಮೇಟ್ರನ್ ಮುಂದೆ ನೀವು ಕಿರುಚಿದ್ದು ನನಗೆ ಇಷ್ಟವಾಗಲಿಲ್ಲ. ನಾಚಿಕೆಯಿಂದ ಎಲ್ಲಿ ಅಡಗಲಿ ಅನ್ನಿಸಿತು.

ನಾನು ಕಣ್ಣಾರೆ ನೋಡಿದೆ. ಹೊರಗೆ ಹೋಗುವ ಬಾಗಿಲು ತೆರೆದಿತ್ತು, ಅದರ ಮುಂದೆ ಒಂದು ಕಡ್ಡಿಯೂ ಇರಲಿಲ್ಲ. ಗಂಟೆಯ ದಾರ ಟೀಚರಮ್ಮನ ದಿಂಬಿನ ಪಕ್ಕದಲ್ಲೇ ಇತ್ತು. ನಾಲ್ಕು ಜನ ಸಿಬ್ಬಂದಿಯನ್ನು ನಾನೇ ಎಣಿಸಿದೆ. ಬೆಡ್‌ಶೀಟುಗಳನ್ನು ಮುಟ್ಟಿ ನೋಡಿದೆ, ನನ್ನ ಮನೆಯವೂ ಅಷ್ಟು ಬೆಳ್ಳಗಿಲ್ಲ. ಯಾವುದೂ ನಿಮ್ಮ ಕಾಗದದಲ್ಲಿದ್ದ ಹಾಗೆ ಇರಲಿಲ್ಲ. ನಾನು ಯಾರನ್ನು ನಂಬಲಿ?

ಹೊರಡುವಾಗ ಮೇಟ್ರನ್ ನನ್ನನ್ನು ಬಾಗಿಲ ತನಕ ಬಿಡಲು ಬಂದರು. "ನಾನು ಅವರ ಕೈಕೆಳಗೆ ಕಲಿತವಳು, ಅವರ ಮೇಲೆ ನನಗೆ ಗೌರವ ಇದೆ. ಆದ್ರೆ ವಯಸ್ಸಾದ ಮೇಲೆ ಕೆಲವರಿಗೆ ಎಲ್ಲದರ ಮೇಲೂ ಅನುಮಾನ ಶುರುವಾಗುತ್ತೆ ನೋಡಿ" ಅಂದರು. ನಾನು ಹೌದು ಅಂತಲೂ ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಅದನ್ನು ನಿಮಗೆ ಹೇಳದೆ ಇದ್ದರೆ ನನಗೆ ಊಟ ಸೇರುವುದಿಲ್ಲ, ಅದಕ್ಕೆ ಬರೆದೆ.

ಹತ್ತನೇ ತಾರೀಖಿಗೆ ಅಮ್ಮನನ್ನು ಕರೆತರುತ್ತೇನೆ ಅಂತ ಹೇಳಿ ಬಂದಿದ್ದೇನೆ.

ಇನ್ನೊಂದು ವಿಷಯ. ಅಪ್ಪ ನಿಮ್ಮ ಆಸ್ಪತ್ರೆಯಲ್ಲಿ ತೀರಿಕೊಂಡು ಹನ್ನೊಂದು ವರ್ಷ ಆಯಿತು. ಅಂದಿನಿಂದ ನೀವಿಬ್ಬರೂ ಮಾತು ಬಿಟ್ಟಿರಿ. ಆಗ ನಾನು ತರಬೇತಿಗೆ ಅಂತ ದೂರ ಇದ್ದೆ, ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಸೋಂಕು ಅಂತ ಅಂದಿರಿ. ಅಮ್ಮನನ್ನು ಎಷ್ಟು ಸಲ ಕೇಳಿದರೂ "ನಿನ್ನ ದೊಡ್ಡಮ್ಮನನ್ನೇ ಕೇಳು" ಅಂತಿದ್ದಳು. ಈಗ ಅಷ್ಟೂ ಹೇಳಲಾರಳು. ಆದ್ದರಿಂದ ನಿಮ್ಮನ್ನೇ ಕೇಳುತ್ತಿದ್ದೇನೆ.

ಸೊಳ್ಳೆ


ಜೂನ್ 25, ಬುಧವಾರ

ಸೊಳ್ಳೆ,

ನೀನು ಬಂದಿದ್ದು ಭಾನುವಾರ. ಎಲ್ಲರ ಮನೆಯವರೂ ಬರುವುದು ಭಾನುವಾರ. ಅಷ್ಟೂ ಹೊಳೆಯಲಿಲ್ಲವೇ ನಿನಗೆ? ಬಸ್ಸು ತಡವಾಗಿ ಬಂದರೆ ಡ್ರೈವರಿನ ಮುಖ ನೋಡಿಯೇ ಕಾರಣ ಹೇಳುವವಳು, ಇಲ್ಲಿ ಬಂದು ಬೆಳ್ಳಗಿನ ಬಟ್ಟೆ ನೋಡಿ ಬೆರಗಾದೆಯಾ!

ಭಾನುವಾರ ಬೆಳಗ್ಗೆ ಗಾಲಿಕುರ್ಚಿಗಳ ಗುಡ್ಡೆ ಹಿತ್ತಲಿಗೆ ಹೋಗುತ್ತದೆ. ಗಂಟೆಯ ದಾರ ಇಳಿಯುತ್ತದೆ. ಮೂರು ಜನ ಹೆಂಗಸರು ಎಲ್ಲಿಂದಲೋ ಬಂದು ಸಮವಸ್ತ್ರ ತೊಟ್ಟು ನಗುತ್ತಾ ಓಡಾಡುತ್ತಾರೆ, ಸಂಜೆ ಐದಕ್ಕೆ ಮಾಯ. ಬೀರುವಿನಿಂದ ಇಪ್ಪತ್ತೆರಡು ಬಿಳಿ ಬೆಡ್‌ಶೀಟು ಹೊರಗೆ ಬರುತ್ತವೆ. ನೀನು ಮುಟ್ಟಿದ್ದು ಅದನ್ನೇ. ಅದರ ಮೇಲೆ ಇಸ್ತ್ರಿಯ ಮಡಿಕೆ ಇನ್ನೂ ಎದ್ದು ಕಾಣುತ್ತಿತ್ತು. ಮನುಷ್ಯರು ಮಲಗಿದ ಹಾಸಿಗೆಯ ಮೇಲೆ ಇಸ್ತ್ರಿ ಮಡಿಕೆ ಉಳಿಯುತ್ತದೇನೇ? ಅವನ್ನು ಹಳೆಯದರ ಮೇಲೇ ಹಾಸುತ್ತಾರೆ, ಸಂಜೆ ತೆಗೆದು ಮಡಿಸಿ ಬೀರುವಿಗೆ ಇಡುತ್ತಾರೆ. ನೀನು ಒಂದು ಮೂಲೆ ಎತ್ತಿದ್ದರೆ ಸಾಕಿತ್ತು. ನಾನು ಕಿರುಚಿದ್ದು ಅದನ್ನೇ, ಎತ್ತು ಅಂತ. ನೀನು ನನ್ನ ಕೈ ಹಿಡಿದು ಸುಮ್ಮನಿರಿಸಿದೆ.

ನಿನ್ನೆ ಓಟದಮ್ಮನ ಜೊತೆ ಸೇರಿ ಟೀಚರಮ್ಮನನ್ನು ಮಗ್ಗುಲಿಗೆ ಹೊರಳಿಸಿದೆ. ಒಂದು ಕಾಲಲ್ಲಿ ನಿಂತು, ಮಂಚ ಹಿಡಿದು. ಕೆಂಪು ದಾರದ ಮೂರು ಹೊಲಿಗೆ ಹತ್ತು ದಿನವಾದರೂ ಅಲ್ಲೇ ಇದ್ದವು. ಶೀಟಿನ ನಡುವೆ ಒಣಗಿ ಗಟ್ಟಿಯಾದ ಕಂದು ಉಂಗುರ, ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಎಳೆದರೆ ಚರ್ಮದ ಸಮೇತ ಬಂತು. ಬೆನ್ನಿನ ಬುಡದಲ್ಲಿ ನನ್ನ ಮುಷ್ಟಿ ಹಿಡಿಸುವಷ್ಟು ಹುಣ್ಣು. ನಾತ ಬರೆಯಲಾರೆ. ಅಷ್ಟು ವರ್ಷ ಆಸ್ಪತ್ರೆಯ ಹೊಲಸು ಬಟ್ಟೆ ಎಣಿಸಿದ ನಾನು ಗೋಡೆ ಕಡೆ ತಿರುಗಿ ವಾಂತಿ ಮಾಡಿದೆ. ಟೀಚರಮ್ಮ ಕೇಳಿದ್ದು ಒಂದೇ ಮಾತು, "ಎಷ್ಟು ದೊಡ್ಡದಿದೆ? ಅಳತೆ ಹೇಳಿ." ನಾನು ಸುಳ್ಳು ಹೇಳಿದೆ. ಚಿಕ್ಕದು ಅಂದೆ.

ನಿನ್ನ ಅಮ್ಮನ ವಿಷಯಕ್ಕೆ ಒಂದು ತಿಳಿದುಕೋ, ಮುಂದೆ ಬೇಕಾಗುತ್ತದೆ. ಮಲಗಿಯೇ ಇರುವವರ ಮೈ ಎಲ್ಲಾದರೂ ಕೆಂಪಾದರೆ ಬೆರಳಿಂದ ಒತ್ತಿ ಬಿಡು. ಬಿಳಿಚಿ ಮತ್ತೆ ಕೆಂಪಾದರೆ ಇನ್ನೂ ಕಾಲ ಮಿಂಚಿಲ್ಲ. ಒತ್ತಿದರೂ ಕೆಂಪಾಗಿಯೇ ಇದ್ದರೆ ಒಳಗೆ ಹುಣ್ಣು ಶುರುವಾಗಿದೆ.

ಭಾನುವಾರದ ಶೀಟುಗಳ ಮೂಲೆಯ ಮಡಿಕೆ ನೋಡಿದೆ. ಅದು ಯಾರ ಕೈಯ ಮಡಿಕೆ ಅಂತ ನನಗೆ ಗೊತ್ತು. ನಿನ್ನ ಪ್ರಶ್ನೆಗೂ ಅದಕ್ಕೂ ಸಂಬಂಧ ಇದೆ. ಇವತ್ತು ಕೈ ಬರುತ್ತಿಲ್ಲ.

ದಮ್ಮಯ್ಯ ಅಂತೀನಿ, ನನ್ನ ತಂಗಿಯನ್ನು ಇಲ್ಲಿಗೆ ತರಬೇಡ.

ದೊಡ್ಡಮ್ಮ


ಜೂನ್ 30

ದೊಡ್ಡಮ್ಮನವರಿಗೆ,

ನಿಮ್ಮ ಕಾಗದವನ್ನು ಅರ್ಧ ಓದಿ ಮಡಿಸಿಟ್ಟೆ. ಪೂರಾ ಓದಲು ನನ್ನಲ್ಲಿ ತ್ರಾಣ ಇಲ್ಲ.

ತರಬೇಡ ಅನ್ನುವುದು ಸುಲಭ. ತರದೆ ಏನು ಮಾಡಲಿ? ಮೊನ್ನೆ ಎತ್ತುವಾಗ ನನ್ನ ಎಡಗಾಲು ಮರಗಟ್ಟಿತು, ಅಮ್ಮನೂ ನಾನೂ ಒಟ್ಟಿಗೆ ನೆಲಕ್ಕೆ ಬಿದ್ದೆವು. ಅರ್ಧ ಗಂಟೆ ಹಾಗೇ ಬಿದ್ದಿದ್ದೆವು. ಪಕ್ಕದ ಮನೆಯವರು ಕೆಲಸದಿಂದ ಬಂದ ಮೇಲೆ ಎಬ್ಬಿಸಿದರು. ಆ ಅರ್ಧ ಗಂಟೆ ಅಮ್ಮ ಅಳಲಿಲ್ಲ, ನಾನು ಅತ್ತೆ.

ಹನ್ನೊಂದು ವರ್ಷದಲ್ಲಿ ನೀವು ನಮ್ಮ ಮನೆಯ ಮೆಟ್ಟಿಲು ಹತ್ತಿದವರಲ್ಲ. ಅಮ್ಮ ಬಿದ್ದ ಮೇಲೂ ಬರಲಿಲ್ಲ, ಕಾಗದ ಬರೆದಿರಿ. ಇವತ್ತು ನನ್ನ ತಂಗಿ ನನ್ನ ತಂಗಿ ಅಂತೀರಿ. ಅವಳ ಮೇಲೆ ಅಷ್ಟು ಕರುಳಿದ್ದರೆ ಅವಳನ್ನು ಎತ್ತಲು ಬರಬೇಕಿತ್ತು.

ಹತ್ತನೇ ತಾರೀಖು ಬೆಳಗ್ಗೆ ವ್ಯಾನಿಗೆ ಹೇಳಿದ್ದೇನೆ.

ಇಂತಿ


ಜುಲೈ 3, ಗುರುವಾರ

ಮಗಳೇ,

ನೀನು ಬರೆದದ್ದು ಸರಿ. ಒಂದಕ್ಷರವೂ ಹೆಚ್ಚಿಲ್ಲ. ಈ ಕಾಗದವನ್ನು ಮಾತ್ರ ಪೂರಾ ಓದು. ಓದಿದ ಮೇಲೆ ನಿನ್ನ ಇಷ್ಟ.

ಟೀಚರಮ್ಮನ ಮಗನಿಗೆ ಒಂದು ಕಾರ್ಡು ಬರೆದಿದ್ದೆ. "ಬುಧವಾರ ಬನ್ನಿ. ಬರುವುದನ್ನು ಹೇಳಬೇಡಿ. ಬಂದು ಶೀಟು ಎತ್ತಿ ನೋಡಿ." ಅಷ್ಟೇ. ನಿನ್ನೆ ಬಂದ. ಎತ್ತಿದ.  ಗಂಟೆಯೊಳಗೆ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಸ್ಟ್ರೆಚರಿನ ಮೇಲಿಂದ ಟೀಚರಮ್ಮ, "ನೀವು ಚಿಕ್ಕದು ಅಂದಿದ್ದು ತಪ್ಪು ಉತ್ತರ. ಆದ್ರೂ ಮಾರ್ಕ್ಸು ಕೊಟ್ಟಿದ್ದೀನಿ" ಅಂದರು. ಈಗ ಪಕ್ಕದ ಮಂಚ ಖಾಲಿ. ಹತ್ತನೇ ತಾರೀಖಿಗೆ ನಿನ್ನ ಅಮ್ಮನಿಗೆ ಈಗ ಅದೇ ಮಂಚ ಕೊಡುತ್ತಾರಂತೆ.

ಅವರು ಹೋದ ಮೇಲೆ ಕುಂಟುತ್ತಾ ಮೇಟ್ರನ್ ಕೋಣೆಗೆ ಹೋದೆ. ಬಾಯಿಗೆ ಬಂದ ಹಾಗೆ ಬೈದೆ. ನೀನು ಮನುಷ್ಯಳಾ, ಇಪ್ಪತ್ತೆರಡು ಜನರ ಹೊಲಸಿನ ಮೇಲೆ ಬಿಳಿ ಬಟ್ಟೆ ಹೊದಿಸುತ್ತೀಯಲ್ಲ, ನಿನ್ನ ಕೈ ನಡುಗಲ್ಲವಾ ಅಂದೆ. ಅವಳು ಎದ್ದು ನಿಲ್ಲಲೂ ಇಲ್ಲ, ಧ್ವನಿ ಎತ್ತಲೂ ಇಲ್ಲ. ನನ್ನ ಕಿವಿಗೆ ಸರಿಯಾಗಿ ಕೇಳಲಿ ಅಂತ ನಿಧಾನಕ್ಕೆ ಹೇಳಿದಳು. "ಎಲ್ಲಾ ನೀವು ಕಲಿಸಿದ್ದೇ ಅಲ್ವಾ ಅಮ್ಮ?"

ಹೋದ ಹಾಗೇ ಕುಂಟುತ್ತಾ ವಾಪಸು ಬಂದೆ.

ನಮ್ಮ ಆಸ್ಪತ್ರೆಗೂ ತಪಾಸಣೆಯವರು ಬರುತ್ತಿದ್ದರು. ಯಾವ ದಿನ ಬರುತ್ತಾರೆ ಅಂತ ಮುಂಚೆಯೇ ತಿಳಿಯುತ್ತಿತ್ತು. ಇದ್ದ ಬೆಡ್‌ಶೀಟುಗಳು ಹರಿದ ಕಲೆಯ ಸರಕು, ಹೊಸದು ಕೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಆಗ ನಾನೇ ಒಂದು ಉಪಾಯ ಮಾಡಿದೆ. ಒಳ್ಳೆಯವನ್ನು ಆರಿಸಿ ಬೇರೆ ಬೀರುವಿನಲ್ಲಿಟ್ಟೆ. ತಪಾಸಣೆಯ ಬೆಳಗ್ಗೆ ಅವನ್ನು ಹಳೆಯದರ ಮೇಲೇ ಹಾಸುವುದು, ಮೂಲೆಯನ್ನು ಬಿಗಿಯಾಗಿ ಎರಡು ಮಡಿಕೆ ಮಾಡಿ ಒಳಗೆ ಸಿಕ್ಕಿಸುವುದು, ಯಾರೂ ಸುಲಭಕ್ಕೆ ಎತ್ತಬಾರದು. ಕಲಿಯಲು ಬಂದ ಹುಡುಗಿಯರಿಗೆಲ್ಲ ನಾನೇ ಕಲಿಸಿದೆ. ಜಾಣೆ ಅಂತ ಹೊಗಳಿಸಿಕೊಂಡೆ. ಪ್ರತಿ ವರ್ಷ ನಮಗೆ ಉತ್ತಮ ಅಂತ ಪ್ರಮಾಣಪತ್ರ ಬರುತ್ತಿತ್ತು, ಅದರ ಕೆಳಗೆ ನಿಂತು ನಾನು ಫೋಟೋ ತೆಗೆಸಿಕೊಂಡಿದ್ದೇನೆ. ಪ್ರಮಾಣಪತ್ರ ಬಂದ ಮೇಲೆ ಹೊಸ ಶೀಟು ಯಾಕೆ ಬೇಕು? ಯಾರೂ ಕೊಡಲಿಲ್ಲ.

ಈಗ ನಿನ್ನ ಅಪ್ಪನ ವಿಷಯ. ಬೆನ್ನುಮೂಳೆಗೆ ಪೆಟ್ಟಾಗಿ ಐದು ವಾರ ನಮ್ಮ ಆಸ್ಪತ್ರೆಯ ವಾರ್ಡಿನಲ್ಲಿ ಅಲುಗಾಡದೆ ಮಲಗಿದ್ದರು. ತಪಾಸಣೆಯ ದಿನ ಬೆಳಗ್ಗೆ ನಾನೇ ಮುಂದೆ ನಿಂತು ಹಾಸಿಸುತ್ತಿದ್ದೆ. ನಿನ್ನ ಅಮ್ಮ ನನ್ನ ಸೆರಗು ಹಿಡಿದು ಎಳೆದಳು. "ಅಕ್ಕಾ, ಇವರ ಬೆನ್ನಡಿ ಏನೋ ಆಗಿದೆ, ಸ್ವಲ್ಪ ನೋಡು ಬಾ" ಅಂದಳು. ಅವಳೇ ಮೂಲೆ ಬಿಚ್ಚಿ ಶೀಟು ಎತ್ತಿದಳು. ನಾನು ನೋಡಿದೆ. ನೋಡಿಲ್ಲ ಅಂತ ಹನ್ನೊಂದು ವರ್ಷ ನನಗೆ ನಾನೇ ಹೇಳಿಕೊಂಡೆ. ನೋಡಿದೆ ಕಣೇ. ಅವಳ ಕೈಯಿಂದ ಶೀಟು ಕಿತ್ತು ಮತ್ತೆ ಹೊದಿಸಿದೆ, ಮೂಲೆ ಮಡಿಸಿ ಸಿಕ್ಕಿಸಿದೆ. "ಇವತ್ತು ಬೇಡ, ಅವರು ಮೆಟ್ಟಿಲು ಹತ್ತುತ್ತಿದ್ದಾರೆ. ನಾಳೆ ನೋಡೋಣ" ಅಂದೆ.

ಮರುದಿನ ನೋಡಿದರು. ಡಾಕ್ಟರು ಹುಣ್ಣು ಕೆರೆದು ಕಟ್ಟು ಕಟ್ಟಿದರು. ಎಂಟು ದಿನ ಜ್ವರ. ಒಂಬತ್ತನೇ ದಿನ ನೀನು ಬಂದೆ. ಒಂದು ದಿನ ಮೊದಲು ನೋಡಿದ್ದರೆ ಉಳಿಯುತ್ತಿದ್ದರೋ ಇಲ್ಲವೋ ಯಾರಿಗೂ ತಿಳಿಯದು. ನಿನ್ನ ಅಮ್ಮ ಕೇಳಿದ್ದು ಅದನ್ನಲ್ಲ. ಅವಳು ನೋಡು ಅಂದಾಗ ನಾನು ಮುಚ್ಚಿದೆ. ಅವಳು ಊರೆಲ್ಲ ಹೇಳಬಹುದಿತ್ತು, ನಿನಗೂ ಹೇಳಬಹುದಿತ್ತು. ನಾನೇ ಬಾಯಿ ಬಿಡಲಿ ಅಂತ ಕಾದಳು. ಕಾದು ಕಾದು ಈಗ ಅವಳ ಬಾಯೇ ನಿಂತಿತು.

ಇಲ್ಲಿಗೆ ಬಂದ ದಿನದಿಂದ ನಾನು ಇವರ ಮೇಲೆ ಥೂ ಥೂ ಅಂತ ಉಗಿದಿದ್ದೆಲ್ಲ ಹೋಗಿ ಬಿದ್ದದ್ದು ನನ್ನ ಮುಖದ ಮೇಲೇ. ನನ್ನ ಕೈ ನೋಡಿದರೆ ನನಗೇ ಅಸಹ್ಯ. ನಿನಗೂ ಅಸಹ್ಯವಾದರೆ ಆಗಲಿ. ಇದನ್ನು ಅವಳಿಗೆ ಓದಿ ಹೇಳು. ಕ್ಷಮಿಸು ಅಂತ ನಾನು ಕೇಳುವುದಿಲ್ಲ. ಅವಳಿಗೆ ಗೊತ್ತಿರುವುದೇ ನಿಜ ಅಂತ ನಾನು ಒಪ್ಪಿದೆ ಅಂತ ಹೇಳಿದರೆ ಸಾಕು.

ಎಂಟನೇ ತಾರೀಖಿಗೆ ನನ್ನ ಪ್ಲಾಸ್ಟರ್ ತೆಗೆಯುತ್ತಾರೆ. ಮೈ ಎತ್ತುವ ಶಕ್ತಿ ನನಗಿಲ್ಲ. ಆದರೆ ಮೈ ಎತ್ತಬೇಕಾಗಿಯೇ ಇಲ್ಲ, ಕೆಳಗೆ ನಾಲ್ಕು ಮಡಿಕೆಯ ಶೀಟು ಹಾಕಿ ಆ ಕಡೆ ಒಬ್ಬರು ಈ ಕಡೆ ಒಬ್ಬರು ನಿಂತು ಎಳೆದರೆ ಎಂಥ ಭಾರದವರೂ ಹೊರಳುತ್ತಾರೆ. ಅದಕ್ಕೆ ಇಬ್ಬರು ಸಾಕು. ನೀನು ಡಿಪೋಗೆ ಹೋದ ಹೊತ್ತಿನಲ್ಲಿ ಪಕ್ಕದ ಮನೆಯವರನ್ನೋ ಕೂಲಿಯವರನ್ನೋ ಆ ಕಡೆಗೆ ನಿಲ್ಲಿಸುತ್ತೇನೆ, ಈ ಕಡೆ ನಾನಿರುತ್ತೇನೆ. ಅವಳು ಒಪ್ಪಿದರೆ ಮಾತ್ರ.

ದೊಡ್ಡಮ್ಮ


ಜುಲೈ 6, ಭಾನುವಾರ

ದೊಡ್ಡಮ್ಮ,

ನಿಮ್ಮ ಕಾಗದ ನಿನ್ನೆ ಬಂತು. ಮೊದಲು ಒಬ್ಬಳೇ ಓದಿದೆ. ನಿಮ್ಮ ಮೇಲೆ ಬಂದ ಸಿಟ್ಟಿಗೆ ಅದನ್ನು ಹರಿದುಹಾಕಬೇಕು ಅನ್ನಿಸಿತು. ಆ ಸಿಟ್ಟು ಪೂರಾ ಹೋಗಿಲ್ಲ, ಸುಳ್ಳು ಹೇಳಲಾರೆ. ಇವತ್ತು ಬೆಳಗ್ಗೆ ಅಮ್ಮನ ಪಕ್ಕ ಕೂತು ಗಟ್ಟಿಯಾಗಿ ಓದಿದೆ.

ಅಮ್ಮ ಗೋಡೆ ಕಡೆ ತಿರುಗಲಿಲ್ಲ. ನಿಮ್ಮ ಸೆರಗು ಎಳೆದ ಜಾಗಕ್ಕೆ ಬಂದಾಗ ಕಣ್ಣು ಮುಚ್ಚಿದಳು. "ನೋಡಿದೆ ಕಣೇ" ಅನ್ನುವುದನ್ನು ಓದಿದೆ. ಅವಳ ಎಡಗೈ ಹಾಸಿಗೆಯ ಮೇಲೆ ತಡಕಾಡಿತು, ಶೀಟಿನ ಅಂಚು ಹಿಡಿದು ಎಳೆಯತೊಡಗಿದಳು. ನಿಮ್ಮ ಮೇಲಿನ ಸಿಟ್ಟಿಗೆ ಹಾಗೆ ಮಾಡುತ್ತಿದ್ದಾಳೆ ಅಂದುಕೊಂಡು ಕೈ ಬಿಡಿಸಿದೆ. ಮತ್ತೆ ಎಳೆದಳು. ಮತ್ತೆ ಬಿಡಿಸಿದೆ. ಮೂರನೇ ಸಲ ಎಳೆದಾಗ ನಾನು, "ಇವತ್ತು ಬೇಡಮ್ಮಾ, ನಂಗೆ ಸೊಂಟ ನೋಯ್ತಿದೆ. ನಾಳೆ ಬದಲಾಯಿಸ್ತೀನಿ" ಅಂದೆ.

ಅಂದವಳು ಅಲ್ಲೇ ನಿಂತೆ. ಕಾಗದ ಇನ್ನೂ ನನ್ನ ಕೈಯಲ್ಲಿತ್ತು.

ದೊಡ್ಡಮ್ಮ, ನಾವು ಬಿದ್ದ ದಿನದಿಂದ ನಾನು ಅಮ್ಮನ ಕೆಳಗಿನ ಶೀಟು ತೆಗೆದಿಲ್ಲ. ಎತ್ತಲಾಗದೆ, ಒದ್ದೆಯಾದಾಗ ಒರೆಸಿ, ಮೇಲೆ ಒಗೆದದ್ದನ್ನು ಹಾಸಿ ಅಂಚು ಒಳಗೆ ತುರುಕುತ್ತಿದ್ದೆ. ನೋಡಲು ಚೊಕ್ಕವಾಗಿರುತ್ತಿತ್ತು. ಎಂಟು ದಿನ. ನನಗೆ ಯಾರೂ ಕಲಿಸಿಕೊಟ್ಟಿರಲಿಲ್ಲ.

ಮಂಚದ ಕಂಬಿಗೆ ಮೊಣಕಾಲು ಕೊಟ್ಟು, ನೀವು ಬರೆದ ಹಾಗೆ ಶೀಟು ಹಿಡಿದೇ ಎಳೆದು ಅಮ್ಮನನ್ನು ಮಗ್ಗುಲಿಗೆ ಹೊರಳಿಸಿದೆ. ಮೂರು ಶೀಟು ಎತ್ತಿದೆ. ನಾತಕ್ಕೆ ಮೂಗು ಮುಚ್ಚಿಕೊಂಡೆ, ನನ್ನ ಹೆತ್ತ ತಾಯಿಯ ಮುಂದೆ. ಬೆನ್ನಿನ ಬುಡದಲ್ಲಿ ಅಂಗೈಯಗಲ ಕೆಂಪು. ನಿಮ್ಮ ಹಳೆಯ ಕಾಗದದ ಉಳಿದ ಅರ್ಧವನ್ನು ಮೊನ್ನೆ ಓದಿದ್ದೆ, ಬೆರಳು ಇಟ್ಟು ಒತ್ತಿದೆ. ತೆಗೆಯಲು ಧೈರ್ಯವಾಗಲಿಲ್ಲ, ಒತ್ತಿಕೊಂಡೇ ಇದ್ದೆ. ಕೊನೆಗೆ ತೆಗೆದೆ.

ಬಿಳಿಚಿತು ದೊಡ್ಡಮ್ಮ. ಆಮೇಲೆ ನಿಧಾನಕ್ಕೆ ಕೆಂಪಾಯಿತು. ನಾಲ್ಕು ಸಲ ಒತ್ತಿ ನೋಡಿದೆ.

ವ್ಯಾನು ಬೇಡ ಅಂತ ಹೇಳಿದ್ದೇನೆ. "ದೊಡ್ಡಮ್ಮ ಬರಲಾ?" ಅಂತ ಅಮ್ಮನನ್ನು ಕೇಳಿದೆ.  ಅವಳು ನಿಮ್ಮ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ದಿಂಬಿನ ಕೆಳಗೆ ಇಟ್ಟುಕೊಂಡಳು. ಇದನ್ನು ಹೌದು ಅಂತ ಬರೆಯಲೋ ಇಲ್ಲ ಅಂತ ಬರೆಯಲೋ ನನಗೆ ತಿಳಿಯಲಿಲ್ಲ. ನಾನು ಹೌದು ಅಂದುಕೊಂಡಿದ್ದೇನೆ. ಬನ್ನಿ.

ನಿಮ್ಮ ಸೊಳ್ಳೆ


ಜುಲೈ 8, ಮಂಗಳವಾರ

ಸೊಳ್ಳೆ,

ಪ್ಲಾಸ್ಟರ್ ತೆಗೆದರು. ಕಾಲು ಕೋಲಿನ ಹಾಗಿದೆ, ಆದರೂ ನಿಲ್ಲುತ್ತದೆ.

ನೀನು ಕೊಟ್ಟ ಪ್ರಶ್ನೆಗಳ ಪಟ್ಟಿಯನ್ನು ಪೂರಾ ತುಂಬಿಸಿ ಆರೋಗ್ಯ ಕಚೇರಿಗೆ ಕಳಿಸಿದೆ. ಓಟದಮ್ಮನೂ ರುಜು ಹಾಕಿದಳು, ಈ ಸಲ ನಡೆದದ್ದಕ್ಕೆ. ಕೊನೆಯಲ್ಲಿ ಜಾಗ ಇಲ್ಲದಿದ್ದರೂ ಅಂಚಿನಲ್ಲಿ ಬರೆದೆ: ಹೇಳದೆ ಬನ್ನಿ, ಬಂದು ಎತ್ತಿ ನೋಡಿ, ಈ ಉಪಾಯ ಕಲಿಸಿದವಳು ನಾನೇ. ಹೆಸರು, ವಿಳಾಸ ಹಾಕಿದ್ದೇನೆ. ನಿನ್ನ ಮನೆಯ ವಿಳಾಸ. ಬಂದು ಕೇಳಿದರೆ ನಾನೇ ಹೇಳುತ್ತೇನೆ.

ಅವಳ ಹಾಸಿಗೆ ಇವತ್ತೇ ಬದಲಾಯಿಸು, ನಾಳೆಗೆ ಇಡಬೇಡ. ಎರಡು ಗಂಟೆಗೊಮ್ಮೆ ಹೊರಳಿಸು, ಪಕ್ಕದ ಮನೆಯವರ ಕಾಲಾದರೂ ಹಿಡಿ.

ಮುಂದಿನ ವಾರ ಬರುತ್ತೇನೆ. ಯಾವ ದಿನ ಅಂತ ಹೇಳುವುದಿಲ್ಲ.

ನಿನ್ನ ದೊಡ್ಡಮ್ಮ